ನರಿ ಮುಖ ನೋಡಬೇಕೆಂದರೆ

ಚನ್ನರಾಯಪಟ್ಟಣದ ಕಡೆ ನರಿ ಕಂಡವರು ಯಾರಿದ್ದಾರೆ ಎಂದು ವಿಚಾರಿಸಿದರೆ ಮೊದಲು ಸಿಗುವವರು ಕ್ಯಾಮೆರಾ ಹೊತ್ತವರಲ್ಲ, ರಾತ್ರಿ ಕರೆಂಟಿಗೆ ಕಾದು ಮೋಟರ್ ಹಾಕಲು ಹೊಲಕ್ಕೆ ಹೋಗುವವರು. ತ್ರೀ ಫೇಸ್ ಬರುವುದು ಹತ್ತಕ್ಕೋ ಒಂದಕ್ಕೋ, ಅದರ ಮರ್ಜಿ. ಸ್ಟಾರ್ಟರ್ ಒತ್ತಿ, ನೀರು ಯಾವ ಸಾಲಿಗೆ ನುಗ್ಗಿದೆ ಎಂದು ಬ್ಯಾಟರಿ ಬಿಟ್ಟಾಗ ಬದುವಿನ ಮೇಲೆ ಎರಡು ಕಣ್ಣು ಹೊಳೆಯುತ್ತವೆ. ಬೆಳಕನ್ನು ಹಾಗೇ ಹಿಡಿದರೆ ಒಂದು ಗಳಿಗೆ ನಿಂತು ನೋಡುತ್ತವೆ, ಆಮೇಲೆ ಅವಸರವೇನೂ ಇಲ್ಲದೆ ಕಬ್ಬಿನೊಳಕ್ಕೆ ಇಳಿಯುತ್ತವೆ. ಇದೇ ಪ್ರಶ್ನೆಯನ್ನು ಅರಕಲಗೂಡಿನಲ್ಲಿ ಕೇಳಿದರೆ ಉತ್ತರ ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಮನೆಯ ಮುಂದೆ ಕೂತವರಿಂದ ಬರುತ್ತದೆ. ಸೊಪ್ಪು ಬೇಯುವಷ್ಟು ದಿನವೂ ಒಲೆ ಆರುವಂತಿಲ್ಲ, ಬಿಸಿ ಮಿತಿ ಮೀರುವಂತಿಲ್ಲ. ಹಗಲೂ ರಾತ್ರಿ ಯಾರಾದರೂ ಸೌದೆ ಸರಿ ಮಾಡುತ್ತಾ ಕೂತಿರಲೇಬೇಕು. ಕೊಣನೂರು, ರಾಮನಾಥಪುರದ ಸುತ್ತ ಗುಳ್ಳೆನರಿ ಯಾವ ದಿಕ್ಕಿನಿಂದ ಕೂಗಿತು, ಎಷ್ಟು ಹೊತ್ತಿಗೆ ಕೂಗಿತು ಎಂಬ ಲೆಕ್ಕ ಇವರಲ್ಲಿರುವಷ್ಟು ಯಾರಲ್ಲೂ ಇಲ್ಲ.

ಹಾಸನ ಜಿಲ್ಲೆಗೆ ಪ್ರಾಣಿ ನೋಡಲು ಬರುವವರು ಪಶ್ಚಿಮಕ್ಕೆ ಹೋಗುತ್ತಾರೆ. ಸಕಲೇಶಪುರ, ಬಿಸಿಲೆ, ಆನೆ, ಮಳೆಕಾಡು. ಪೂರ್ವಕ್ಕೆ ಬಂದವರು ಬೆಳಗೊಳದ ಬೆಟ್ಟ ಹತ್ತಿ, ಗೊಮ್ಮಟನಿಗೆ ಕೈಮುಗಿದು, ಹೊತ್ತು ಮುಳುಗುವ ಮೊದಲೇ ಹೆದ್ದಾರಿ ಹಿಡಿಯುತ್ತಾರೆ. ಸಕಲೇಶಪುರಕ್ಕೆ ಸುರಿಯುವ ಮಳೆಯ ಮೂರನೇ ಒಂದು ಪಾಲೂ ಚನ್ನರಾಯಪಟ್ಟಣಕ್ಕಿಲ್ಲ. ಹಿರೀಸಾವೆ, ನುಗ್ಗೇಹಳ್ಳಿ ಕಡೆಯ ಬೋಳು ದಿಣ್ಣೆ, ಕಲ್ಲುಗುಡ್ಡ, ಜಾಲಿ, ಲಂಟಾನ ನೋಡಿದವರಿಗೆ ಇಲ್ಲಿ ಏನು ತಾನೇ ಇದ್ದೀತು ಅನ್ನಿಸುವುದು ಸಹಜ. ಹೊತ್ತು ಮುಳುಗಿದ ಮೇಲೆ ಇದ್ದು ನೋಡಿದವರು ಕಡಿಮೆ.

ಅಮೆರಿಕದ ಅರಿಜೋನಾದಂಥ ಒಣ ಸೀಮೆಗಳಲ್ಲಿ ಕೊಯೋಟಿ ನೋಡುವುದೇ ಒಂದು ಹವ್ಯಾಸ. ಬೆಳಕು ಹರಿಯುವ ಮುನ್ನ ಬೈನಾಕ್ಯುಲರ್ ಹಿಡಿದು, ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ನೋಡಿಕೊಂಡು, ಒಣ ಹಳ್ಳದ ದಂಡೆಯಲ್ಲಿ ಜನ ಕಾದು ಕೂರುತ್ತಾರೆ. ಕೊಯೋಟಿ ನಮ್ಮ ನರಿಗಿಂತ ತುಸು ಭಾರ, ಕಾಲು ತುಸು ಉದ್ದ; ಕಸುಬು ಮಾತ್ರ ಒಂದೇ. ಇಲಿ, ಮೊಲ, ಹುಳು, ಹಣ್ಣು, ಸತ್ತ ದನ, ಹಳ್ಳಿಯವರು ಎಸೆದದ್ದು, ಯಾವುದಕ್ಕೂ ಬೇಡ ಅನ್ನುವುದಿಲ್ಲ. ಅಲ್ಲಿ ಪಾಪಾಸುಕಳ್ಳಿಯ ಹಣ್ಣು ತಿಂದರೆ ಇಲ್ಲಿ ಎಲಚಿ ಹಣ್ಣು. ಅಲ್ಲಿ ತೋಳಗಳನ್ನು ಕೊಂದು ಮುಗಿಸಿದ ಮೇಲೆ ಕೊಯೋಟಿ ಇಡೀ ದೇಶಕ್ಕೆ ಹಬ್ಬಿತು. ಶಿಕಾಗೋ ನಗರದ ನಡುವೆ ಬದುಕುತ್ತಿರುವ ಕೊಯೋಟಿಗಳ ಬೆನ್ನು ಹತ್ತಿ ಸ್ಟ್ಯಾನ್ಲಿ ಗೆರ್ಟ್ ಎಂಬ ವಿಜ್ಞಾನಿಯ ತಂಡ 2000ದಿಂದಲೂ ಅಧ್ಯಯನ ನಡೆಸುತ್ತಿದೆ. ನಮ್ಮ ಗುಳ್ಳೆನರಿಯ ಜಾತಿಯೇ ಯುರೋಪಿನಲ್ಲಿ ಇತ್ತೀಚೆಗೆ ಡೆನ್ಮಾರ್ಕ್, ನೆದರ್‌ಲೆಂಡ್ಸ್‌ವರೆಗೂ ಹೆಜ್ಜೆ ಹಾಕಿದೆ. ಅಲ್ಲೂ ತೋಳ ಖಾಲಿಯಾದ ಜಾಗಕ್ಕೇ ಇದು ಬಂದದ್ದು ಎಂಬ ವಾದವಿದೆ. ಹಾಸನದ ಬಯಲಲ್ಲಿ ಏನಾಯಿತು ಎನ್ನುವುದು ಇಷ್ಟು ನೇರ ಕಥೆಯಲ್ಲ.

ಮೊದಲು ಯಾರು ಯಾರು ಎಂದು ತಿಳಿದುಕೊಳ್ಳಬೇಕು. ಊರಿನವರ ಬಾಯಲ್ಲಿ ನರಿ ಅಂದರೆ ಎರಡು ಪ್ರಾಣಿ. ಊಳಿಡುವುದು ಗುಳ್ಳೆನರಿ; ಎಂಟರಿಂದ ಹನ್ನೊಂದು ಕಿಲೋ ತೂಗುವ, ಬೀದಿ ನಾಯಿಯಷ್ಟೇ ಎತ್ತರದ, ಮಣ್ಣುಗೆಂಪು ಕಾಲಿನ ಪ್ರಾಣಿ. ಇನ್ನೊಂದು ಸಣ್ಣ ನರಿ; ಎರಡು ಮೂರು ಕಿಲೋ, ಬೆಕ್ಕಿಗಿಂತ ಸ್ವಲ್ಪ ದೊಡ್ಡದು, ದೊಡ್ಡ ಕಿವಿ, ಮೈಯ ಅರ್ಧಕ್ಕಿಂತ ಉದ್ದದ ಬಾಲ. ಎರಡರ ಬಾಲದ ತುದಿಯೂ ಕಪ್ಪು, ಹಾಗಾಗಿ ಅದನ್ನು ನಂಬಿ ಗುರುತು ಹಿಡಿಯಲು ಹೋಗಬಾರದು. ಓಡುವಾಗ ಬಾಲವೇ ಮೊದಲು ಕಂಡರೆ ಅದು ಸಣ್ಣ ನರಿ. ಮೂರನೆಯದು ತೋಳ. ಹೊಳೆನರಸೀಪುರದಲ್ಲಿ ಇವತ್ತು ಯಾರಾದರೂ ತೋಳ ಕಂಡೆ ಎಂದರೆ ಹಳ್ಳಿ ಮೈಸೂರಿನ ಚಾ ಅಂಗಡಿಯಲ್ಲೂ ನಂಬುವವರಿಲ್ಲ. ಕಥೆಯ ಕುರಿಗಾಹಿ ಹುಡುಗನ ಗತಿಯೇ.

1979ರಲ್ಲಿ ಗೊರೂರಿನ ಹೇಮಾವತಿ ಅಣೆಕಟ್ಟು ಮುಗಿದು ನಾಲೆಗಳಲ್ಲಿ ನೀರು ಹರಿಯಿತಲ್ಲ, ಅಲ್ಲಿಂದ ಈ ಮೂರರ ಹಣೆಬರಹ ಬೇರೆ ಬೇರೆಯಾಯಿತು ಎಂಬುದು ನನ್ನ ಎಣಿಕೆ. ರಾಗಿ, ಹುರುಳಿ ಬೆಳೆಯುತ್ತಿದ್ದ ಕಡೆ ಕಬ್ಬು, ತೆಂಗು, ಭತ್ತ ಬಂತು. ಶ್ರೀನಿವಾಸಪುರದ ಹೇಮಾವತಿ ಸಕ್ಕರೆ ಕಾರ್ಖಾನೆಗೆ ಹೋಗುವ ಕಬ್ಬು ಗದ್ದೆಯಲ್ಲಿ ನಿಲ್ಲುವುದು ಹೆಚ್ಚು ಕಡಿಮೆ ಒಂದು ವರ್ಷ. ಅಷ್ಟು ಕಾಲ ಆಳೆತ್ತರದ ಮರೆ, ನೆಲದಲ್ಲಿ ತಂಪು, ಒಳಗೆ ಇಲಿ, ನಾಲೆಯ ಏರಿಯಲ್ಲಿ ಏಡಿ. ಗುಳ್ಳೆನರಿಗೆ ಇದಕ್ಕಿಂತ ಇನ್ನೇನು ಬೇಕು? ಕಬ್ಬಿನ ಬುಡವನ್ನೂ ಜಗಿಯುತ್ತದೆ, ರೈತರು ಬೈಯುತ್ತಾರೆ. ಡ್ರಿಪ್ ಪೈಪು ಕಚ್ಚಿ ಹಾಕಿದ್ದಕ್ಕೂ ಅದನ್ನೇ ಬೈಯುತ್ತಾರೆ. ಅದು ನರಿಯ ಕೆಲಸವೋ ಅಳಿಲಿನದೋ ಎಂದು ಯಾರೂ ಪತ್ತೆ ಮಾಡಿದವರಿಲ್ಲ, ಕೆಟ್ಟ ಹೆಸರಿದ್ದವನ ಮೇಲೆ ಇನ್ನೊಂದು ಕೇಸು. ಸಣ್ಣ ನರಿಗೆ ಮಾತ್ರ ಕಬ್ಬು ಆಗಿಬರುವುದಿಲ್ಲ. ಅದಕ್ಕೆ ನಾಲ್ಕೂ ಕಡೆ ಕಣ್ಣು ಹಾಯುವ ಬಯಲು ಬೇಕು, ಗಿಡ್ಡ ಹುಲ್ಲು ಬೇಕು. ನೀರಾವರಿ ಬಂದಲ್ಲೆಲ್ಲ ಅದು ಹಿಂದೆ ಸರಿಯಿತು.

ಗುಳ್ಳೆನರಿಯನ್ನು ಕಣ್ಣಿನಿಂದ ಹುಡುಕಲು ಹೊರಟರೆ ಕೆಲಸ ಕೆಟ್ಟಿತು. ಮೊದಲು ಕಿವಿ. ಕೂಗು ಹೆಚ್ಚಾಗಿ ಕೇಳುವುದು ಚಳಿಗಾಲದಲ್ಲಿ, ಜೋಡಿ ಕಟ್ಟುವ ಕಾಲಕ್ಕೆ. ಹೊತ್ತು ಮುಳುಗಿ ಅರ್ಧ ಮುಕ್ಕಾಲು ಗಂಟೆಗೆ ಒಮ್ಮೆ, ಬೆಳಗಿನ ಜಾವಕ್ಕೆ ಇನ್ನೊಮ್ಮೆ. ಒಂದು ಎಳೆದ ಸ್ವರ ಮೇಲೇರುತ್ತದೆ, ಅದರ ಮೇಲೆ ಎರಡನೆಯದು ಹತ್ತುತ್ತದೆ, ಮೂರನೆಯದಕ್ಕೆ ತಾಳ್ಮೆಯಿಲ್ಲದೆ ಕಿರಿಚಾಟ ಶುರುವಾಗುತ್ತದೆ. ಒಂದು ನಿಮಿಷದೊಳಗೆ ಎಲ್ಲ ಮುಗಿದು ಊರಿನ ನಾಯಿಗಳು ಮುಂದುವರಿಸಿಕೊಂಡು ಹೋಗುತ್ತವೆ. ಸ್ವರ ಒಡೆದು, ಏರಿಳಿದು ಬರುವುದರಿಂದ ಎರಡೇ ಕೂಗಿದರೂ ಹತ್ತು ಕೂಗಿದಂತೆ ಕೇಳಿಸುತ್ತದೆ. ಬ್ಯಾರನ್ ಮುಂದಿನವರ ಲೆಕ್ಕದಲ್ಲಿ ದಿಕ್ಕು ಸರಿ, ಹೊತ್ತು ಸರಿ. ಸಂಖ್ಯೆಯನ್ನು ಮಾತ್ರ ಅರ್ಧಕ್ಕಿಂತ ಕಡಿಮೆ ಮಾಡಿಕೊಳ್ಳಬೇಕು. ಯುರೋಪಿನ ಸಂಶೋಧಕರು ಇದೇ ಕೂಗನ್ನು ಧ್ವನಿವರ್ಧಕದಲ್ಲಿ ಹಾಕಿ, ಬಂದ ಉತ್ತರಗಳನ್ನು ಎಣಿಸಿ ಎಷ್ಟು ಗುಂಪುಗಳಿವೆ ಎಂದು ಅಂದಾಜು ಮಾಡುತ್ತಾರೆ. ಅದು ಅವರ ಕೆಲಸ, ಅದಕ್ಕೆ ಕ್ರಮವಿದೆ. ಮೊಬೈಲಿನಲ್ಲಿ ನರಿ ಕೂಗು ಹಾಕಿ ಕಬ್ಬಿನ ಗದ್ದೆ ಮುಂದೆ ನಿಲ್ಲುವುದು ಬೇರೆಯವರ ಮನೆ ಬಾಗಿಲು ಬಡಿದು ಓಡಿದ ಹಾಗೆ. ಮರಿಯಿರುವ ಜೋಡಿಗೆ ಸುಮ್ಮನೆ ದಿಗಿಲು.

ಕೂಗು ಬಂದ ದಿಕ್ಕು ಗುರುತಿಟ್ಟುಕೊಂಡು ಬೆಳಿಗ್ಗೆ ಹೋಗಬೇಕು, ನೆಲ ನೋಡುತ್ತಾ. ನಾಲೆ ಏರಿಯ ಮೇಲಿನ ಗಾಡಿ ಜಾಡು ಒಳ್ಳೆಯ ಜಾಗ. ಹಿಂದಿನ ದಿನ ತುಂತುರು ಬಿದ್ದು, ಮೇಲಿನ ಮಣ್ಣು ಗಟ್ಟಿಯಾಗದೆ ಉಳಿದಿದ್ದರೆ ಹೆಜ್ಜೆ ಅಚ್ಚೊತ್ತಿದಂತೆ ಸಿಗುತ್ತದೆ. ನಾಯಿಯದೋ ನರಿಯದೋ ಎಂಬ ಗೊಂದಲಕ್ಕೆ ಒಂದು ಉಪಾಯವಿದೆ. ಕುಕ್ಕರುಗಾಲಲ್ಲಿ ಕೂತು ನಡುವಿನ ಎರಡು ಬೆರಳಿನ ಮೆತ್ತೆಗಳ ಬುಡ ನೋಡಿ. ನಾಯಿಯಲ್ಲಿ ಅವು ಬಿಡಿ ಬಿಡಿ. ಗುಳ್ಳೆನರಿಯಲ್ಲಿ ಹಿಂದುಗಡೆ ಕೂಡಿಕೊಂಡಿರುತ್ತವೆ, ಮಣ್ಣಿನಲ್ಲಿ ಅಲ್ಲಿ ಸಣ್ಣ ಸೇತುವೆಯೊಂದು ಕಾಣುತ್ತದೆ. ಹೆಜ್ಜೆಯ ಆಕಾರವೂ ನೀಳ, ಉಗುರು ಮುಂದಕ್ಕೆ ಚೂಪು. ನಾಯಿ ಏರಿಯ ಮೇಲೆ ಆ ಕಡೆ ಈ ಕಡೆ ಮೂಸುತ್ತಾ ಅಂಕುಡೊಂಕಾಗಿ ಹೋಗಿರುತ್ತದೆ. ನರಿಗೆ ಕೆಲಸವಿದೆ; ಬಹುಪಾಲು ನೇರ ನಡೆದಿರುತ್ತದೆ.

ಹಿಕ್ಕೆಯನ್ನೂ ಬಿಡಬಾರದು. ನರಿ ಅದನ್ನು ಮರೆಯಲ್ಲಿ ಹಾಕುವುದಿಲ್ಲ, ಎರಡು ದಾರಿ ಕೂಡುವಲ್ಲಿ, ಕಲ್ಲಿನ ಮೇಲೆ, ಹುಲ್ಲಿನ ದಿಂಡಿನ ಮೇಲೆ, ನಾಲ್ಕು ಜನಕ್ಕೆ ಕಾಣುವ ಹಾಗೆ ಇಟ್ಟು ಹೋಗುತ್ತದೆ. ಇತರ ನರಿಗಳಿಗೆ ಅದು ನೋಟೀಸು ಬೋರ್ಡು. ಕಡ್ಡಿಯಿಂದ ಬಿಡಿಸಿದರೆ ಕಾಲಕಾಲದ ಊಟದ ಪಟ್ಟಿ ಸಿಗುತ್ತದೆ. ಎಲಚಿ ಕಾಲದಲ್ಲಿ ಬರೀ ಬೀಜ, ಮಳೆಗಾಲದಲ್ಲಿ ಜೀರುಂಡೆಯ ರೆಕ್ಕೆಚಿಪ್ಪು, ಏಡಿಯ ಓಡು, ವರ್ಷವಿಡೀ ಇಲಿಯ ಕೂದಲು. ಕೈಯಲ್ಲಿ ಮುಟ್ಟುವುದು ಬೇಡ, ಹುಳುವಿನ ಮೊಟ್ಟೆ ಇರುತ್ತದೆ. ಇದೇ ಹಿಕ್ಕೆಗೆ ಒಂದು ಕಾಲದಲ್ಲಿ ಮರ್ಯಾದೆಯೂ ಇತ್ತು. ಮದ್ರಾಸ್ ಸೈನ್ಯದ ವೈದ್ಯನಾಗಿದ್ದ ಟಿ.ಸಿ. ಜೆರ್ಡನ್ 1867ರ ತನ್ನ ಭಾರತದ ಸಸ್ತನಿಗಳ ಪುಸ್ತಕದಲ್ಲಿ ವೈನಾಡಿನ ನರಿಗಳು ಹಣ್ಣಾದ ಕಾಫಿ ತಿನ್ನುವುದನ್ನೂ, ಹಿಕ್ಕೆಯಲ್ಲಿ ಬಿದ್ದ ಬೀಜವನ್ನು ಕೂಲಿಯವರು ಆಯುವುದನ್ನೂ, ಅದೇ ಎಲ್ಲಕ್ಕಿಂತ ಒಳ್ಳೆಯ ಕಾಫಿ ಎಂದು ಹೇಳುವುದನ್ನೂ ಬರೆದಿದ್ದಾನೆ. ಚೆನ್ನಾಗಿ ಕಳಿತ ಹಣ್ಣನ್ನೇ ನರಿ ಆರಿಸುತ್ತದೆ ಎನ್ನುವುದು ಕಾರಣ. ಪುನುಗು ಬೆಕ್ಕಿನ ಕಾಫಿಗೆ ಈಗ ಸಾವಿರಾರು ರೂಪಾಯಿ ಕೊಡುವವರಿದ್ದಾರೆ. ನಮ್ಮ ನರಿಗೆ ಇನ್ನೂ ಬ್ರ್ಯಾಂಡು ಸಿಕ್ಕಿಲ್ಲ, ಅಷ್ಟರ ಮಟ್ಟಿಗೆ ಅದರ ಪುಣ್ಯ.

ಹೆಜ್ಜೆ, ಹಿಕ್ಕೆ ಎರಡೂ ಸಿಕ್ಕ ದಾರಿಯ ಕಡೆಯಿಂದ ಗಾಳಿ ನಮ್ಮತ್ತ ಬೀಸುವಲ್ಲಿ, ಬೆನ್ನಿಗೆ ಒಂದು ಮರವೋ ಪಂಪ್‌ಹೌಸಿನ ಗೋಡೆಯೋ ಇಟ್ಟುಕೊಂಡು ಕೂತರೆ ಸಾಕು. ರಾಗಿ ಕೊಯ್ದು ಹೊಲ ಬೋಳಾದ ಮೇಲೆ, ಅಂದರೆ ಡಿಸೆಂಬರ್‌ನಿಂದ ಯುಗಾದಿಯವರೆಗೆ, ಒಳ್ಳೆಯ ಕಾಲ. ನರಿ ಬರುವಾಗ ಓಡಿ ಬರುವುದಿಲ್ಲ. ಕಬ್ಬಿನ ಅಂಚಿನಲ್ಲಿ ಮೊದಲು ಮೂತಿ, ಬಹಳ ಹೊತ್ತು ಬರೀ ಮೂತಿ. ಕಿವಿ ಮಾತ್ರ ಬೇರೆ ಬೇರೆ ದಿಕ್ಕಿಗೆ ತಿರುಗುತ್ತಿರುತ್ತದೆ. ಆಮೇಲೆ ಒಂದು ಮುಂಗಾಲು ಎತ್ತಿಕೊಂಡು ನಿಲ್ಲುತ್ತದೆ. ಸರಿ ಎನಿಸಿದ ಮೇಲೆ ಬಾಲ ಇಳಿಬಿಟ್ಟು ಸಣ್ಣ ಓಟದಲ್ಲಿ ಹೊಲಕ್ಕೆ ಇಳಿಯುತ್ತದೆ. ಕೂಳೆಯ ಸಾಲಿನಲ್ಲಿ ಇಲಿಯ ಸದ್ದು ಕೇಳಿದರೆ ನಿಂತು, ತಲೆ ಓರೆ ಮಾಡಿ, ನಾಲ್ಕೂ ಕಾಲು ನೆಲ ಬಿಟ್ಟು ಮೇಲಿನಿಂದ ಬೀಳುತ್ತದೆ. ಮುಂಗಾಲಿನ ಕೆಳಗೆ ಒತ್ತಿ ಹಿಡಿದದ್ದನ್ನು ಬಾಯಿಗೆ ತೆಗೆದುಕೊಳ್ಳುವ ಮುನ್ನ ಮತ್ತೊಮ್ಮೆ ಸುತ್ತ ನೋಡುತ್ತದೆ. ಸಾಮಾನ್ಯವಾಗಿ ಹಿಂದೆಯೇ, ಐವತ್ತು ಮಾರು ಬಿಟ್ಟು, ಜೋಡಿಯ ಇನ್ನೊಂದು ಇರುತ್ತದೆ. ಒಮ್ಮೆ ಕಟ್ಟಿದ ಜೋಡಿ ವರ್ಷಗಟ್ಟಲೆ ಒಟ್ಟಿಗಿರುತ್ತದೆ, ಹಿಂದಿನ ಸೂಲಿನ ಮಕ್ಕಳಲ್ಲಿ ಒಂದೆರಡು ಊರು ಬಿಡದೆ ನಿಂತು ತಮ್ಮ ತಂಗಿಯರಿಗೆ ಊಟ ಕಕ್ಕಿ ಕೊಡುವುದೂ ಉಂಟು. ಕಥೆಗಳಲ್ಲಿ ಇದೆಲ್ಲ ಬರುವುದಿಲ್ಲ. ದುರ್ಗಸಿಂಹ ಸುಮಾರು ಸಾವಿರ ವರ್ಷದ ಹಿಂದೆ ಕನ್ನಡಕ್ಕೆ ಪಂಚತಂತ್ರ ತಂದಾಗಿನಿಂದ ನಮ್ಮ ನರಿ ಕರಟಕ ದಮನಕರ ಹೆಸರಿನಲ್ಲಿ ರಾಜಕಾರಣ ಮಾಡಿಕೊಂಡೇ ಇದೆ. ಸಂಸಾರಸ್ಥನೆಂದು ಅದನ್ನು ಕರೆದವರಿಲ್ಲ.

ಸಣ್ಣ ನರಿ ನೋಡಬೇಕಾದರೆ ಈ ತಾಲ್ಲೂಕುಗಳ ಉತ್ತರಕ್ಕೆ, ಅರಸೀಕೆರೆ ದಾಟಿ ಕಾವಲುಗಳಿಗೆ ಹೋಗುವುದು ಮೇಲು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಅರಮನೆಯ ದನಗಳನ್ನು ನೋಡಿಕೊಳ್ಳುತ್ತಿದ್ದ ಬೆಣ್ಣೆ ಚಾವಡಿ, ಟಿಪ್ಪುವಿನ ಕಾಲಕ್ಕೆ ಅಮೃತ ಮಹಲ್ ಆಯಿತು. ಆ ದನಗಳಿಗೆಂದು ಹಾಸನ, ಚಿಕ್ಕಮಗಳೂರು, ತುಮಕೂರು, ಚಿತ್ರದುರ್ಗದ ಉದ್ದಕ್ಕೂ ಹುಲ್ಲುಗಾವಲು ಬಿಟ್ಟಿದ್ದರು, ಅವೇ ಈ ಕಾವಲುಗಳು. ಅಲ್ಲಿ ಉಳುಮೆಯಿಲ್ಲ, ಮರವೂ ಹೆಚ್ಚಿಲ್ಲ. ದನ ಮೇಯ್ದು ಗಿಡ್ಡವಾದ ಹುಲ್ಲು ಸಣ್ಣ ನರಿಗೆ ಹೇಳಿ ಮಾಡಿಸಿದ ನೆಲ. ಗುಡ್ಡೆ ಕಟ್ಟಿದ ಮಣ್ಣಿನಲ್ಲಿ ಮೂರು ನಾಲ್ಕು ಬಾಯಿಯ ಬಿಲ ತೋಡಿ ಬೇಸಿಗೆಗೆ ಮುಂಚೆ ಮರಿ ಹಾಕುತ್ತದೆ, ಮುಂದಿನ ವರ್ಷ ಮತ್ತೆ ಅದೇ ಜಾಗಕ್ಕೆ ಬರುತ್ತದೆ. ಮೊದಲ ಮಳೆಗೆ ರೆಕ್ಕೆ ಬಂದ ಗೆದ್ದಲು ಏಳುವ ಸಂಜೆ ಅದರ ಹಬ್ಬ. ಕಡೂರು ತಾಲ್ಲೂಕಿನ ಬಾಸೂರು ಕಾವಲಿನ 7.36 ಚದರ ಕಿಲೋಮೀಟರ್ ನೆಲವನ್ನು 2011ರಲ್ಲಿ ಕೃಷ್ಣಮೃಗಗಳಿಗಾಗಿ ಸಂರಕ್ಷಣಾ ಮೀಸಲು ಎಂದು ಘೋಷಿಸಿದರು. ಸಣ್ಣ ನರಿ ಅದೇ ನೆರಳಿನಲ್ಲಿ ಬದುಕಿಕೊಂಡಿದೆ. ಮಿಕ್ಕ ಕಾವಲುಗಳಲ್ಲಿ ಎಷ್ಟೋ ಭಾಗ ಉಳುಮೆಗೆ, ನೀಲಗಿರಿ ನೆಡುತೋಪಿಗೆ, ಸರ್ಕಾರಿ ಯೋಜನೆಗಳಿಗೆ ಹೋಯಿತು. ಮರವಿಲ್ಲದ ನೆಲ ಸರ್ಕಾರದ ಕಡತದಲ್ಲಿ ಬಂಜರು. ಬಂಜರು ಎಂದ ಮೇಲೆ ಯಾರಾದರೂ ಅದನ್ನು ಉದ್ಧಾರ ಮಾಡಲು ಹೊರಡುತ್ತಾರೆ. ಒಳ್ಳೆಯ ಹುಲ್ಲುಗಾವಲಿನಲ್ಲಿ ಗುಂಡಿ ತೋಡಿ ಸಸಿ ನೆಟ್ಟು ಫೋಟೊ ತೆಗೆಸಿಕೊಳ್ಳುವ ವನಮಹೋತ್ಸವದಷ್ಟು ಸಣ್ಣ ನರಿಗೆ ಕೇಡು ಮಾಡಿದ್ದು ಬೇರೆ ಕಡಿಮೆ ಎಂದೇ ನನಗನ್ನಿಸುತ್ತದೆ.

ತೋಳದ ವಿಷಯ ಬೇಗ ಮುಗಿಯುತ್ತದೆ. ಬೆಳಗೊಳದಿಂದ ದಕ್ಷಿಣಕ್ಕೆ ಹೋದರೆ ಸಿಗುವ ಮೇಲುಕೋಟೆಯ ಗುಡ್ಡಗಳನ್ನು 1974ರಲ್ಲಿ ವನ್ಯಧಾಮ ಮಾಡಿದ್ದೇ ತೋಳಕ್ಕಾಗಿ. ಈಗ ಅಲ್ಲಿ ಚಿರತೆಯ ಮಾತೇ ಹೆಚ್ಚು. 2022ರಲ್ಲಿ ಪ್ರಕಟವಾದ ಅಧ್ಯಯನವೊಂದು ಇಡೀ ದೇಶದಲ್ಲಿ ಉಳಿದಿರುವ ತೋಳಗಳನ್ನು ಸುಮಾರು 3,170 ಎಂದು ಅಂದಾಜು ಮಾಡಿತು, ಅಂದರೆ ಹುಲಿಗಿಂತ ಹೆಚ್ಚೇನಲ್ಲ. ನೋಡಲೇಬೇಕು ಎನ್ನುವವರು ಕೊಪ್ಪಳದ ದಾರಿ ಹಿಡಿಯಬೇಕು. ಅಲ್ಲಿ ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲಿ ಈಗ ತೋಳಧಾಮವಿದೆ.

ಅಮೆರಿಕದಲ್ಲಿ ತೋಳ ಬಿಟ್ಟ ಜಾಗ ಕೊಯೋಟಿಗೆ ಸಿಕ್ಕಿತು ಎಂದೆನಲ್ಲ, ನಮ್ಮಲ್ಲಿ ಆ ಜಾಗ ಸಿಕ್ಕಿದ್ದು ನಾಯಿಗೆ. ಸುಗ್ಗಿ ಮುಗಿದ ಮೇಲೆ ಸಿರಾ, ಹಿರಿಯೂರು ಕಡೆಯಿಂದ ಕುರಿ ಹೊಡೆದುಕೊಂಡು ಬರುವವರನ್ನು ಮಾತಾಡಿಸಿದರೆ ಇದು ತಿಳಿಯುತ್ತದೆ. ಬಾಗೂರಿನ ಹತ್ತಿರ ಮಂದೆ ನಿಲ್ಲಿಸಿದ್ದ ಒಬ್ಬರನ್ನು ಕೇಳಿದೆ, "ನರಿ ಕಾಟ ಉಂಟೇನಣ್ಣ?"

"ಮರಿ ಹಾಕಿದ ರಾತ್ರಿ ಎಚ್ಚರವಾಗಿರ್ಬೇಕು ಸ್ವಾಮಿ. ನರಿ ಬಂದ್ರೆ ಒಂದ್ ಮರಿ ಕಚ್ಕೊಂಡ್ ಹೋಗ್ತೈತೆ, ಅದೂ ಹೊಟ್ಟೆಗೆ. ಊರ್ ನಾಯಿ ನುಗ್ಗಿದ್ರೆ ಹತ್ತು ಕಡ್ದು ಹಾಕ್ತವೆ, ಒಂದೂ ತಿನ್ನಲ್ಲ. ಬೆಳಗ್ಗೆ ಅದೇ ನಾಯಿ ಚಾ ಅಂಗಡಿ ಮುಂದೆ ಬನ್ನು ತಿಂತಾ ಮಲಗಿರ್ತೈತೆ, ಯಾರ್ನ ಕೇಳಾನ?"

ಬೆಂಗಳೂರಿನ ಏಟ್ರೀ ಸಂಸ್ಥೆಯ ವಿಜ್ಞಾನಿ ಅಬಿ ತಮೀಮ್ ವನಕ್ ಸೋಲಾಪುರದ ಬಳಿಯ ನಾನ್ನಜ್ ಹುಲ್ಲುಗಾವಲಿನಲ್ಲಿ ಸಣ್ಣ ನರಿಗಳಿಗೆ ರೇಡಿಯೊ ಕಾಲರ್ ಹಾಕಿ ನೋಡಿದಾಗ ಕಂಡದ್ದೂ ಇಂಥದೇ. ನಾಯಿ ಓಡಾಡುವ ಕಡೆ ನರಿ ಕಾಲಿಡಲು ಹಿಂಜರಿಯುತ್ತದೆ, ಮೇವಿದ್ದರೂ ಬಿಟ್ಟು ಹೋಗುತ್ತದೆ. ಕಚ್ಚಿ ಕೊಲ್ಲುವುದಕ್ಕಿಂತ ಕೆಟ್ಟದ್ದು ನಾಯಿಯಿಂದ ದಾಟುವ ಡಿಸ್ಟೆಂಪರ್, ರೇಬಿಸ್. ಕೋಳಿ ಫಾರಂನವರು ಸತ್ತ ಕೋಳಿಯನ್ನು ಹಳ್ಳಕ್ಕೆ ಸುರಿಯುವ ಕಡೆ ನಾಯಿ, ನರಿ, ಚಿರತೆ ಮೂರೂ ಸೇರುತ್ತವೆ. ಚಿರತೆ ನಾಯಿಯನ್ನು ತಿನ್ನುತ್ತದೆ, ಸಿಕ್ಕರೆ ನರಿಯನ್ನೂ ಬಿಡುವುದಿಲ್ಲ. ಸೀಗೆಗುಡ್ಡದ ಸುತ್ತಿನ ಹಳ್ಳಿಯವರು ನಾಯಿಯ ಕೊರಳಿಗೆ ಮೊಳೆ ಪಟ್ಟಿ ಕಟ್ಟಿದರೆ ಅದು ನರಿಗೆ ಹೆದರಿ ಅಲ್ಲ.

ಬೆಳಿಗ್ಗೆ ಎದ್ದು ನರಿ ಮುಖ ನೋಡಿದರೆ ಅದೃಷ್ಟ ಎನ್ನುವ ಮಾತು ನಮ್ಮಲ್ಲಿ ಎಲ್ಲರಿಗೂ ಗೊತ್ತು. ಲಾಟರಿ ಹೊಡೆದವನನ್ನು ಯಾವ ನರಿ ಮುಖ ನೋಡಿದ್ದೆ ಎಂದೇ ಕೇಳುತ್ತೇವೆ. ಅದೃಷ್ಟವನ್ನು ಮನೆಯಲ್ಲೇ ಕಟ್ಟಿಹಾಕುವ ಆಸೆಗೆ ಹುಟ್ಟಿದ್ದು ನರಿಕೊಂಬಿನ ದಂಧೆ. ನರಿಗೆ ಕೊಂಬಿಲ್ಲ. ಚರ್ಮ, ಕೂದಲು, ಮೂಳೆ ಸೇರಿಸಿ ಮಾಡಿದ್ದನ್ನು ಕೊಂಬೆಂದು ಮಾರುತ್ತಾರೆ, ವಿದ್ಯಾವಂತರೇ ಕೊಂಡು ಬೀರುವಿನಲ್ಲಿ ಇಡುತ್ತಾರೆ. 2022ರಲ್ಲಿ ತಿದ್ದುಪಡಿಯಾದ ವನ್ಯಜೀವಿ ಕಾಯ್ದೆ ಗುಳ್ಳೆನರಿಯನ್ನೂ ಸಣ್ಣ ನರಿಯನ್ನೂ ಹುಲಿಯ ಸಾಲಿಗೆ, ಮೊದಲ ಶೆಡ್ಯೂಲಿಗೆ ಏರಿಸಿತು. ಕೊಂದರೆ ಮೂರರಿಂದ ಏಳು ವರ್ಷ ಜೈಲು. ಹಂದಿಗೆಂದು ಇಟ್ಟ ಸಿಡಿಮದ್ದಿನ ಉಂಡೆಯನ್ನು ಕಚ್ಚಿ, ಉರುಳಿಗೆ ಸಿಕ್ಕಿ, ಹಾಸನ ಬೆಂಗಳೂರು ರಸ್ತೆಯ ಚತುಷ್ಪಥ ದಾಟುವಾಗ ಲಾರಿಗೆ ಸಿಕ್ಕಿ ಸಾಯುವ ನರಿಗಳಿಗೆ ಯಾವ ಶೆಡ್ಯೂಲೂ ಅಡ್ಡ ಬರುವುದಿಲ್ಲ.

ಕಬ್ಬು ಕಡಿಯುವಾಗ ನರಿಮರಿ ಸಿಗುವುದು ಇಲ್ಲಿ ಮಾಮೂಲು. ಕಡಿಯುವವರು ನಾಲ್ಕೂ ಕಡೆಯಿಂದ ಒಳಕ್ಕೆ ಬರುತ್ತಾರೆ, ಉಳಿದ ಕೊನೆಯ ತುಂಡಿನಲ್ಲಿ ಎಲ್ಲ ಪ್ರಾಣಿಗಳೂ ಸೇರಿಕೊಳ್ಳುತ್ತವೆ. ಮೊದಲು ಮೊಲ ಹಾರುತ್ತದೆ, ಆಮೇಲೆ ಮುಂಗುಸಿ, ಕೊನೆಗೆ ನರಿ. ಕಣ್ಣು ಬಿಡದ ಮರಿ ಮಾತ್ರ ರವದಿಯಲ್ಲಿ ಉಳಿದುಬಿಡುತ್ತದೆ, ಬೂದುಗಪ್ಪು ಬಣ್ಣ, ನಾಯಿಮರಿಯೆಂದೇ ಕೈಗೆತ್ತಿಕೊಳ್ಳುತ್ತಾರೆ. ಎತ್ತಬಾರದು. ಜನ ದೂರವಾದರೆ ತಾಯಿ ರಾತ್ರಿ ಬಂದು ಒಂದೊಂದಾಗಿ ಕಚ್ಚಿಕೊಂಡು ಹೋಗುತ್ತದೆ. ಹೊಳೆನರಸೀಪುರದ ನಾಲೆ ಬಯಲಿನಲ್ಲಿ ಹೀಗೇ ಮರಿ ಸಿಕ್ಕಾಗ ರೈತರೊಬ್ಬರು ಕೊನೆಯ ನಾಲ್ಕು ಸಾಲು ಕಡಿಸದೆ ಕೂಲಿಯವರನ್ನು ಮನೆಗೆ ಕಳಿಸಿದರು. ಲಾರಿ ಆಗಲೇ ಬಂದು ನಿಂತಿತ್ತು. ಬೆಳಿಗ್ಗೆ ನೋಡಿದರೆ ರವದಿಯಲ್ಲಿ ಮರಿ ಇರಲಿಲ್ಲ, ಪಕ್ಕದವರ ಗದ್ದೆ ಬದುವಿನ ಕೆಸರಲ್ಲಿ ಹೋಗಿ ಬಂದ ಹೆಜ್ಜೆಯಿತ್ತು. ಲಾರಿಯವನು ಸುಮ್ಮನಿದ್ದನೇ ಎಂದು ಕೇಳಿದೆ.

"ಸುಮ್ಕೆ ಎಲ್ಲಿದ್ದಾನು ಸಾ, ರಾತ್ರಿಯೆಲ್ಲ ಬೈದ. ವೆಯ್ಟಿಂಗ್ ಚಾರ್ಜು ಅಂತ ಐನೂರು ಕಿತ್ಕೊಂಡ. ಬೈಕೊಳ್ಳಲಿ ಬುಡಿ, ಈ ಸಲ ಗದ್ದೇಲಿ ಇಲಿ ಹೊಡ್ಯೋಕೆ ಔಸ್ದಿ ತಂದಿಲ್ಲ ನಾನು, ಅದ್ರಾಗೆ ಲೆಕ್ಕ ಸರಿಹೋಯ್ತು."